ಮೂರನೇ ಸಂಖ್ಯೆ ಬಂದಾಗ

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೊಸ ಬಡಾವಣೆಯಲ್ಲಿ ಒಬ್ಬರ ಮನೆ ಹುಡುಕಬೇಕು ಅಂದುಕೊಳ್ಳಿ. ಕೈಯಲ್ಲಿ ವಿಳಾಸ ಇದೆ: 5ನೇ ಮೇನ್, 8ನೇ ಕ್ರಾಸ್, 3ನೇ ಮಹಡಿ. ಮೇನ್‌ಗಳು ಸಾಲಾಗಿ ಒಂದು ದಿಕ್ಕಿಗೆ ಓಡುತ್ತವೆ. ಕ್ರಾಸ್‌ಗಳು ಅವಕ್ಕೆ ಅಡ್ಡ. 5ನೇ ಮೇನ್ ಮತ್ತು 8ನೇ ಕ್ರಾಸ್ ಕೂಡುವುದು ಒಂದೇ ಕಡೆ. ಅಲ್ಲಿರುವ ಕಟ್ಟಡದಲ್ಲಿ ಮೂರು ಮಹಡಿ ಹತ್ತಿದರೆ ಮನೆ ಸಿಕ್ಕಿತು. ಬರೀ ಸಂಖ್ಯೆಗಳನ್ನು ಬರೆದರೆ (5, 8, 3). ಮೂರು ಆಯಾಮದ ನಿರ್ದೇಶಾಂಕ ಅಂದರೆ ಇದೇ.

ಇದನ್ನೇ (8, 5, 3) ಅಂತ ಬರೆದರೆ ಇನ್ಯಾರದೋ ಮನೆ ಬಾಗಿಲು ತಟ್ಟುತ್ತೀರಿ. ಕ್ರಮ ಮುಖ್ಯ. ಮಾಲ್‌ಗಳ ಲಿಫ್ಟ್‌ನಲ್ಲಿ −1, −2 ಅಂತ ಗುಂಡಿ ಇರುತ್ತದಲ್ವಾ? ಅದು ನೆಲದ ಕೆಳಗಿನ ಪಾರ್ಕಿಂಗ್. ಋಣ ಸಂಖ್ಯೆಯ ಅರ್ಥವನ್ನು ಆ ಗುಂಡಿಯೇ ಹೇಳುತ್ತದೆ. ಇನ್ನು 1ನೇ ಕ್ರಾಸ್ ಎಲ್ಲಿಂದ ಶುರು? ಬಡಾವಣೆ ಮಾಡಿದವರು ಎಲ್ಲಿ ಅಂದರೋ ಅಲ್ಲಿಂದ. ಎಲ್ಲ ಅಳತೆಯೂ ಶುರುವಾಗುವ ಸೊನ್ನೆಯ ಜಾಗ, ಅಂದರೆ ಮೂಲಬಿಂದುವೂ ಹಾಗೇ. ನಮಗೆ ಎಲ್ಲಿ ಅನುಕೂಲವೋ ಅಲ್ಲಿಡಬಹುದು. ಒಮ್ಮೆ ಇಟ್ಟ ಮೇಲೆ ಲೆಕ್ಕ ಮುಗಿಯುವವರೆಗೆ ಅದನ್ನು ಕದಲಿಸಬಾರದು, ಅಷ್ಟೇ.

ಈಗ ಈ ಕೋಣೆಯ ಆ ಮೂಲೆ ನೋಡಿ. ಹೌದು, ಕಿಟಕಿ ಪಕ್ಕದ್ದು. ನೆಲದ ಹತ್ತಿರ ಮೂರು ಅಂಚುಗಳು ಬಂದು ಸೇರುತ್ತವೆ. ಒಂದು ಅಂಚು ಪೂರ್ವಕ್ಕೆ ಹೋಗುತ್ತದೆ, ಒಂದು ಉತ್ತರಕ್ಕೆ, ಒಂದು ನೇರ ಮೇಲಕ್ಕೆ. ಪೂರ್ವಕ್ಕೆ ಹೋಗುವುದನ್ನು ಎಕ್ಸ್ ಅನ್ನೋಣ, ಉತ್ತರದ್ದನ್ನು ವೈ, ಮೇಲೆ ಹೋಗುವುದನ್ನು ಝೆಡ್. ಬಲಗೈ ಚಾಚಿ, ನಾಲ್ಕು ಬೆರಳನ್ನು ಪೂರ್ವದಿಂದ ಉತ್ತರದ ಕಡೆಗೆ ಮಡಚಿ. ಹೆಬ್ಬೆರಳು ಮೇಲೆ ತೋರಿಸುತ್ತಿದೆಯಾ? ಪುಸ್ತಕದಲ್ಲಿರುವ ಬಲಗೈ ನಿಯಮ ಅಂದರೆ ಇದು.

ಈ ಮೂರು ಗೆರೆಗಳಿಗೆ ಅಕ್ಷಗಳು ಅನ್ನುತ್ತಾರೆ. ಗೋಡೆ, ನೆಲ ಇಲ್ಲ, ಅಕ್ಷಗಳು ಎಲ್ಲ ಕಡೆಗೂ ಮುಂದುವರಿದಿವೆ ಅಂತ ಊಹಿಸಿ. ಆಗ ಇಡೀ ಜಾಗ ಎಂಟು ಭಾಗ ಆಗುತ್ತದೆ. ಈ ಎಂಟನ್ನು ಉರು ಹೊಡೆಯಲು ಎಷ್ಟೋ ಮಕ್ಕಳು ಕಷ್ಟಪಡುತ್ತಾರೆ. ಪ್ಲಸ್, ಪ್ಲಸ್, ಮೈನಸ್ ಅಂತ ಒಂದು ಕೋಷ್ಟಕ ಮಾಡಿಕೊಂಡು ಬಾಯಿಪಾಠ ಮಾಡುತ್ತಾರೆ. ಅದು ಬೇಡ. ನಮ್ಮ ಭಾಷೆಯಲ್ಲೇ ಇದಕ್ಕೆ ಹೆಸರುಗಳಿವೆ. ಪೂರ್ವ ಎಕ್ಸ್, ಉತ್ತರ ವೈ ಆದರೆ ಎರಡೂ ಧನ ಇರುವ ಕಡೆ ಯಾವುದು? ಈಶಾನ್ಯ. ಎಕ್ಸ್ ಋಣ, ವೈ ಧನ ಆದರೆ ವಾಯವ್ಯ. ಎರಡೂ ಋಣ ಆದರೆ ನೈಋತ್ಯ. ಉಳಿದದ್ದು ಆಗ್ನೇಯ. ಈ ನಾಲ್ಕರಲ್ಲಿ ಒಂದೊಂದಕ್ಕೂ ಮೇಲೆ ಮತ್ತು ಕೆಳಗೆ ಸೇರಿಸಿ. ಎಂಟು ಆಯಿತು. (−4, 2, −7) ಎಲ್ಲಿದೆ? ವಾಯವ್ಯದಲ್ಲಿ, ಕೆಳಗೆ.

ಒಂದು ಎಚ್ಚರಿಕೆ. ಈ ಎಂಟು ಬೇರೆ, ಅಷ್ಟದಿಕ್ಕು ಬೇರೆ. ಅಷ್ಟದಿಕ್ಕುಗಳು ಎಂಟೂ ನೆಲದ ಮೇಲೇ ಇವೆ. ಅದಕ್ಕೇ ಹಿಂದಿನವರು ಮೇಲೆ, ಕೆಳಗೆ ಎಂಬ ಎರಡನ್ನು ಸೇರಿಸಿ ದಶದಿಕ್ಕು ಅಂದರು. ಆ ಎರಡು ದಿಕ್ಕು ಸೇರಿದ್ದೇ ನಮ್ಮ ಝೆಡ್ ಅಕ್ಷ. ಮನೆ ಕಟ್ಟಿಸುವಾಗ ವಾಸ್ತು ಹೇಳುವವರು ಸಂಪು ಈಶಾನ್ಯಕ್ಕೆ ಇರಲಿ, ಮೇಲಿನ ಟ್ಯಾಂಕು ನೈಋತ್ಯಕ್ಕೆ ಇರಲಿ ಅನ್ನುತ್ತಾರೆ. ನಂಬುವುದು ಬಿಡುವುದು ಬೇರೆ ವಿಷಯ. ಮೂಲಬಿಂದುವನ್ನು ಮನೆಯ ನಡುವೆ, ನೆಲದ ಮಟ್ಟದಲ್ಲಿ ಇಡಿ. ಸಂಪಿನ ಚಿಹ್ನೆಗಳು ಧನ, ಧನ, ಋಣ. ಟ್ಯಾಂಕಿನದು ಋಣ, ಋಣ, ಧನ. ಮೂರೂ ತಿರುವು ಮುರುವು. ಅಂದರೆ ಎಂಟು ಭಾಗಗಳಲ್ಲಿ ಒಂದಕ್ಕೊಂದು ಪೂರ್ತಿ ಎದುರು ಇರುವ ಎರಡು ಭಾಗಗಳಲ್ಲಿ ನಮ್ಮ ನೀರು ಕೂತಿದೆ.

ಇಲ್ಲಿಯವರೆಗೆ ಸುಲಭ. ನಿಜವಾದ ತೊಂದರೆ ಇರುವುದು ಕಾಗದದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಈ ಪಾಠ ಕಷ್ಟ ಅನ್ನುವವರಲ್ಲಿ ಜಾಸ್ತಿ ಜನ ಸೋಲುವುದು ಇಲ್ಲೇ ಅಂತ ನನ್ನ ಅನುಭವ.

ಎರಡು ಆಯಾಮದಲ್ಲಿ ಕಾಗದ ಸತ್ಯ ಹೇಳುತ್ತದೆ. (3, 4) ಅನ್ನು ಗ್ರಾಫ್ ಹಾಳೆಯಲ್ಲಿ ಗುರುತು ಮಾಡಿದರೆ ಬಿಂದು ಅಲ್ಲೇ ಇದೆ. ಸ್ಕೇಲ್ ಇಟ್ಟು ದೂರ ಅಳೆಯಬಹುದು. ಮೂರು ಆಯಾಮದಲ್ಲಿ ನಾವು ಬರೆಯುವುದು ಬಿಂದುವಿನ ಚಿತ್ರ ಮಾತ್ರ, ಫೋಟೊ ಇದ್ದ ಹಾಗೆ. ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ವೈ ಬಲಕ್ಕೆ, ಝೆಡ್ ಮೇಲಕ್ಕೆ, ಎಕ್ಸ್ ಅನ್ನು ಓರೆಯಾಗಿ ಎಡಕ್ಕೆ, ಕೆಳಕ್ಕೆ. ಎಕ್ಸ್‌ನ ಒಂದು ಮಾನಕ್ಕೆ ಅರ್ಧ ಚೌಕ ಎಡಕ್ಕೆ, ಅರ್ಧ ಚೌಕ ಕೆಳಕ್ಕೆ ಅಂತ ಇಟ್ಟುಕೊಳ್ಳೋಣ. ಈಗ (2, 1, 1) ಎಂಬ ಬಿಂದುವನ್ನು ನಿಮ್ಮ ಹಾಳೆಯಲ್ಲಿ ಬರೆಯಿರಿ. ಎಕ್ಸ್ 2, ಅಂದರೆ ಒಂದು ಚೌಕ ಎಡಕ್ಕೆ, ಒಂದು ಚೌಕ ಕೆಳಕ್ಕೆ. ವೈ 1, ಒಂದು ಚೌಕ ಬಲಕ್ಕೆ. ಝೆಡ್ 1, ಒಂದು ಚೌಕ ಮೇಲಕ್ಕೆ. ಎಲ್ಲಿಗೆ ಬಂದಿರಿ?

ಮೂಲಬಿಂದುವಿಗೆ ಬಂದಿರಿ. (2, 1, 1) ಮತ್ತು (0, 0, 0) ಎರಡೂ ಕಾಗದದ ಮೇಲೆ ಒಂದೇ ಚುಕ್ಕೆ. (4, 2, 2) ಕೂಡ ಅಲ್ಲೇ ಬೀಳುತ್ತದೆ. ನಿಜವಾದ ಜಾಗದಲ್ಲಿ ಅವು ದೂರ ದೂರ ಇವೆ. ಕಾಗದದ ಒಂದು ಚುಕ್ಕೆಯ ಹಿಂದೆ ಒಂದು ಇಡೀ ಸರಳರೇಖೆ ಅಡಗಿದೆ. ಆದ್ದರಿಂದ ಚಿತ್ರದಲ್ಲಿ ಎರಡು ಗೆರೆ ಕತ್ತರಿಸಿದಂತೆ ಕಂಡರೆ ಅವು ಸೇರುತ್ತವೆ ಅಂತ ತೀರ್ಮಾನ ಮಾಡಬೇಡಿ. ಕೋನ 90 ಡಿಗ್ರಿ ಇಲ್ಲ ಅನಿಸಿದರೆ ಅದನ್ನೂ ನಂಬಬೇಡಿ. ಚಿತ್ರ ಮನಸ್ಸಿಗೆ ದಾರಿ ತೋರಿಸಲಿ, ತೀರ್ಪು ಸಂಖ್ಯೆಗಳೇ ಕೊಡಲಿ.

ಮನೆಯಲ್ಲಿ ಒಂದು ಕೆಲಸ ಮಾಡಿ. ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತನ್ನಿ. ಒಂದು ತಳ, ಅದಕ್ಕೆ ಅಂಟಿದ ಎರಡು ಗೋಡೆ ಉಳಿಯುವ ಹಾಗೆ ಕತ್ತರಿಸಿ. ಮೂರಕ್ಕೂ ಗ್ರಾಫ್ ಹಾಳೆ ಅಂಟಿಸಿ. ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಮುರಿದು ತಳದ ಮೇಲೆ ನೆಟ್ಟಗೆ ಚುಚ್ಚಿ, ಅದರ ತುದಿಗೆ ಗೋಧಿ ಹಿಟ್ಟಿನ ಸಣ್ಣ ಉಂಡೆ ಇಡಿ. ಕಡ್ಡಿ ಚುಚ್ಚಿದ ಜಾಗ ಎಕ್ಸ್, ವೈ ಹೇಳುತ್ತದೆ. ಕಡ್ಡಿಯ ಉದ್ದ ಝೆಡ್. ಈಗ ಒಂದು ಕಣ್ಣು ಮುಚ್ಚಿ ತಲೆಯನ್ನು ಆ ಕಡೆ ಈ ಕಡೆ ಸರಿಸಿ. ಉಂಡೆ ಒಂದು ಕಡೆಯಿಂದ ಮೂಲೆಯನ್ನು ಸರಿಯಾಗಿ ಮುಚ್ಚುತ್ತದೆ. ಆ ಕ್ಷಣ ನಿಮ್ಮ ಕಣ್ಣು, ಉಂಡೆ, ಮೂಲಬಿಂದು ಮೂರೂ ಒಂದೇ ರೇಖೆಯಲ್ಲಿವೆ. ಹತ್ತು ಚಿತ್ರ ಬರೆದರೂ ಸಿಗದ ತಿಳಿವಳಿಕೆ ಆ ಒಂದು ಪೆಟ್ಟಿಗೆಯಲ್ಲಿ ಸಿಗುತ್ತದೆ.

ದೂರದ ಸೂತ್ರಕ್ಕೆ ಬರೋಣ. ಒಂದು ಕೋಣೆ 12 ಅಡಿ ಉದ್ದ, 9 ಅಡಿ ಅಗಲ, 8 ಅಡಿ ಎತ್ತರ. ಅದರಲ್ಲಿ ಹಿಡಿಸುವ ಅತಿ ಉದ್ದದ ಕೋಲು ಎಷ್ಟು? ಕೋಲಿನ ಒಂದು ತುದಿ ನೆಲದ ಮೂಲೆಯಲ್ಲಿ, ಇನ್ನೊಂದು ಪೂರ್ತಿ ಎದುರಿನ ಮೂಲೆಯ ಮೇಲ್ಗಡೆ, ಸೂರಿನಲ್ಲಿ. ಮೊದಲು ನೆಲದ ಕರ್ಣ ನೋಡಿ. 144 ಮತ್ತು 81 ಕೂಡಿದರೆ 225, ಅಂದರೆ 15 ಅಡಿ. ಈಗ ಈ 15 ಅಡಿಯ ಗೆರೆ ನೆಲದ ಮೇಲೆ ಮಲಗಿದೆ, 8 ಅಡಿಯ ಗೋಡೆಯಂಚು ಅದರ ತುದಿಯಲ್ಲಿ ನೆಟ್ಟಗೆ ನಿಂತಿದೆ. ಇವೆರಡರ ನಡುವೆ ಮತ್ತೆ ಲಂಬಕೋನ. 225 ಮತ್ತು 64 ಕೂಡಿದರೆ 289. ಕೋಲು 17 ಅಡಿ.

ಪೈಥಾಗೊರಸ್ ಪ್ರಮೇಯವನ್ನು ಎರಡು ಸಲ ಬಳಸಿದೆವು. ಒಂದು ಸಲ ಮಲಗಿಸಿ, ಒಂದು ಸಲ ನಿಲ್ಲಿಸಿ. ಎಕ್ಸ್‌ಗಳ ವ್ಯತ್ಯಾಸದ ವರ್ಗ, ವೈಗಳದ್ದು, ಝೆಡ್‌ಗಳದ್ದು, ಮೂರನ್ನೂ ಕೂಡಿ ವರ್ಗಮೂಲ. ಹತ್ತನೇ ತರಗತಿಯ ಸೂತ್ರಕ್ಕೆ ಒಂದು ಪದ ಜಾಸ್ತಿ ಸೇರಿತು. ಮಧ್ಯಬಿಂದುವೂ ಹಾಗೇ, ಮೂರನೆಯದರ ಸರಾಸರಿಯನ್ನೂ ತೆಗೆದುಕೊಂಡರಾಯಿತು. ಅದಕ್ಕೆ ಜಾಸ್ತಿ ಹೊತ್ತು ಬೇಡ, ಕೊನೆಯಲ್ಲಿ ಬಳಸೋಣ.

ಇಷ್ಟು ಸರಳವಾದದ್ದು ಬೇಗ ಬಂದಿರಬೇಕು ಅನಿಸುತ್ತದೆ ಅಲ್ವಾ? ಫ್ರಾನ್ಸಿನ ಡೆಕಾರ್ಟೆ ಬೀಜಗಣಿತವನ್ನೂ ಜ್ಯಾಮಿತಿಯನ್ನೂ ಬೆಸೆದು ಪುಸ್ತಕ ತಂದದ್ದು 1637ರಲ್ಲಿ. ಆದರೆ ದೂರದ ಸೂತ್ರ ಅಚ್ಚಾಗಿ ಬಂದದ್ದು 1731ರಲ್ಲಿ, ಸುಮಾರು ನೂರು ವರ್ಷದ ನಂತರ. ಬರೆದವನು ಅಲೆಕ್ಸಿಸ್ ಕ್ಲೆರೋ. ಅವನು ಹುಟ್ಟಿದ್ದು 1713. ಲೆಕ್ಕ ಹಾಕಿ. ಪುಸ್ತಕ ಅಚ್ಚಾದಾಗ ಅವನಿಗೆ 18 ವರ್ಷ, ಬರೆದು ಮುಗಿಸಿದಾಗ 16. ಒಂದೇ ಸಮತಲದಲ್ಲಿ ಕೂರದೆ ಜಾಗದಲ್ಲಿ ತಿರುಚಿಕೊಂಡು ಹೋಗುವ ವಕ್ರರೇಖೆಗಳ ಬಗ್ಗೆ ಆ ಹುಡುಗ ಬರೆದ. ನಿಮ್ಮ ವಯಸ್ಸು. ಈ ಮಾತನ್ನು ನಾನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ನನಗೆ ಹೊಸದಾಗಿ ಆಶ್ಚರ್ಯ ಆಗುತ್ತದೆ.

ಅದೇ ಕೋಣೆಯಲ್ಲಿ ಇನ್ನೊಂದು ಆಟ ಇದೆ, ಸ್ವಲ್ಪ ದಾರಿ ಬಿಟ್ಟು ಹೋಗೋಣ. ನೊಣ ಒಂದು ಮೂಲೆಯಿಂದ ಎದುರು ಮೂಲೆಗೆ ಹಾರಿದರೆ 17 ಅಡಿ. ಇರುವೆಗೆ ರೆಕ್ಕೆ ಇಲ್ಲ, ನೆಲದ ಮೇಲೆ, ಗೋಡೆಯ ಮೇಲೆ ನಡೆಯಬೇಕು. ಅದರ ಅತಿ ಹತ್ತಿರದ ದಾರಿ ಯಾವುದು? ಗೋಡೆಯನ್ನು ಬಿಚ್ಚಿ ನೆಲದ ಪಕ್ಕಕ್ಕೆ ಮಲಗಿಸಿ. ಆಗ ಒಂದು ಆಯತ ಸಿಗುತ್ತದೆ, ಅದರಲ್ಲಿ ನೇರ ಗೆರೆ ಎಳೆದರೆ ಆಯಿತು. ಉದ್ದದ ಗೋಡೆಯನ್ನು ಮಲಗಿಸಿದರೆ ಆಯತ 12ಕ್ಕೆ 17, ಗೆರೆ √433. ಅಗಲದ ಗೋಡೆಯನ್ನು ಮಲಗಿಸಿದರೆ 20ಕ್ಕೆ 9, ಗೆರೆ √481. ಎರಡು ಗೋಡೆಗಳನ್ನೇ ಬಳಸಿದರೆ 21ಕ್ಕೆ 8, ಗೆರೆ √505. ಮೊದಲನೆಯದೇ ಕಡಿಮೆ, ಸುಮಾರು 20.8 ಅಡಿ. ಮೂರನೇ ಆಯಾಮ ಬಳಸಲು ಬಂದವರಿಗೆ ಮೂರೂಮುಕ್ಕಾಲು ಅಡಿ ಉಳಿತಾಯ.

ಈಗ ನನಗೆ ತುಂಬ ಇಷ್ಟದ ಭಾಗ. ಎಕ್ಸ್ = 3 ಅಂದರೆ ಏನು? ಬೋರ್ಡಿನ ಮೇಲೆ ಇದನ್ನು ಬರೆದು ಕೇಳಿದರೆ ತರಗತಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವರು ಬಿಂದು ಅನ್ನುತ್ತಾರೆ. ಕೆಲವರು ಸರಳರೇಖೆ ಅನ್ನುತ್ತಾರೆ. ಎಲ್ಲರದ್ದೂ ಸರಿ. ಎಲ್ಲರೂ ತಿರುಗಿ ನನ್ನನ್ನು ಒಂದು ಪ್ರಶ್ನೆ ಕೇಳಬೇಕಿತ್ತು: ಸರ್, ಎಲ್ಲಿ?

ಸಂಖ್ಯಾರೇಖೆಯ ಮೇಲೆ ಎಕ್ಸ್ = 3 ಒಂದು ಬಿಂದು. ಗ್ರಾಫ್ ಹಾಳೆಯ ಮೇಲೆ ಅದೇ ಒಂದು ನೆಟ್ಟಗಿನ ಗೆರೆ, ಯಾಕಂದರೆ ವೈ ಬಗ್ಗೆ ಅದು ಏನೂ ಹೇಳಿಲ್ಲ, ವೈ ಎಷ್ಟು ಬೇಕಾದರೂ ಆಗಬಹುದು. ಕೋಣೆಯೊಳಗೆ ಬಂದರೆ ವೈ ಕೂಡ ಸ್ವತಂತ್ರ, ಝೆಡ್ ಕೂಡ ಸ್ವತಂತ್ರ. ಆ ಮೂಲೆಯಿಂದ ಪೂರ್ವಕ್ಕೆ ಮೂರಡಿ ದೂರದಲ್ಲಿ ಇಡೀ ಒಂದು ಗೋಡೆ ಎದ್ದು ನಿಂತಿತು. ಸಮೀಕರಣ ಒಂದಕ್ಷರವೂ ಬದಲಾಗಿಲ್ಲ, ಅದು ಇರುವ ಲೋಕ ಬದಲಾಯಿತು. ಸಮೀಕರಣ ಯಾವುದರ ಬಗ್ಗೆ ಸುಮ್ನೆ ಇರುತ್ತದೋ ಆ ದಿಕ್ಕಿನಲ್ಲೆಲ್ಲ ಆಕಾರ ಹರಡಿಕೊಳ್ಳುತ್ತದೆ.

ಇದು ಹಿಡಿತಕ್ಕೆ ಬಂದರೆ ಅರ್ಧ ಪಾಠ ಬಂದ ಹಾಗೆ. ಎಕ್ಸ್² + ವೈ² = 25 ನೋಡಿ. ಹಾಳೆಯ ಮೇಲೆ 5 ತ್ರಿಜ್ಯದ ವೃತ್ತ. ಕೋಣೆಯಲ್ಲಿ? ಝೆಡ್ ಬಗ್ಗೆ ಮಾತಿಲ್ಲ. ಹಾಗಾಗಿ ಪ್ರತಿ ಎತ್ತರದಲ್ಲೂ ಅದೇ ವೃತ್ತ, ಒಂದರ ಮೇಲೊಂದು. ಕೊನೆಯೇ ಇಲ್ಲದ ದುಂಡನೆಯ ಕಂಬ. ಬಲಗಡೆ 25ರ ಬದಲು ಎತ್ತರದ ಜೊತೆ ಬದಲಾಗುವ ಸಂಖ್ಯೆ ಇಟ್ಟರೆ ಕಂಬ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗುತ್ತದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಕಡೆದ ಕಂಬಗಳನ್ನು ನೋಡಿದ್ದೀರಲ್ಲ, ಗಂಟೆಯಂಥ, ಬಟ್ಟಲಿನಂಥ ಉಬ್ಬು ತಗ್ಗುಗಳು. ಯಾವ ಎತ್ತರದಲ್ಲಿ ಅಡ್ಡಕ್ಕೆ ಕೊಯ್ದರೂ ಆ ದುಂಡು ಭಾಗಗಳಲ್ಲಿ ವೃತ್ತವೇ ಸಿಗಬೇಕು. ಶಿಲ್ಪಿ ನಿರ್ಧರಿಸಿದ್ದು ಒಂದೇ: ಯಾವ ಎತ್ತರಕ್ಕೆ ಎಷ್ಟು ತ್ರಿಜ್ಯ. ಮುಂದಿನ ಸಲ ಹೋದಾಗ ಒಂದು ಕಂಬದ ಮುಂದೆ ನಿಂತು ಎಕ್ಸ್² + ವೈ² ಅಂತ ಮನಸ್ಸಿನಲ್ಲಿ ಹೇಳಿಕೊಂಡು ನೋಡಿ.

ಇನ್ನೊಂದು ಪ್ರಶ್ನೆ ತಾನಾಗಿ ಬರುತ್ತದೆ. ಒಂದು ಸಮೀಕರಣ ಗೋಡೆ ಕೊಡುತ್ತದೆ ಅಂದರೆ ರೇಖೆಗೆ ಏನು ಮಾಡುವುದು? ಎರಡು ಗೋಡೆ ಸೇರುವ ಕಡೆ ನೋಡಿ. ಎಕ್ಸ್ = 3, ವೈ = 4 ಎರಡೂ ಒಟ್ಟಿಗೆ ಬೇಕು ಅಂದರೆ ನೆಟ್ಟಗೆ ನಿಂತ ಒಂದು ಗೆರೆ ಉಳಿಯುತ್ತದೆ. ಜಾಗದಲ್ಲಿ ಸರಳರೇಖೆಗೆ ಒಂದೇ ಸಮೀಕರಣ ಯಾಕೆ ಇಲ್ಲ, ಪುಸ್ತಕದಲ್ಲಿ ಎರಡು ಸಮ ಚಿಹ್ನೆ ಯಾಕೆ ಸಾಲಾಗಿ ಬರುತ್ತವೆ ಅಂತ ಎಷ್ಟೋ ಜನ ಕೇಳುತ್ತಾರೆ. ಎರಡು ಸಮತಲಗಳು ಕೂಡಿ ಒಂದು ರೇಖೆಯನ್ನು ಹಿಡಿದುಕೊಂಡಿವೆ, ಅದಕ್ಕೆ.

ರೇಖೆಗಳ ವಿಷಯದಲ್ಲಿ ಹಳೆಯ ನಂಬಿಕೆ ಒಂದು ಇಲ್ಲಿ ಮುರಿಯುತ್ತದೆ. ಹಾಳೆಯ ಮೇಲೆ ಎರಡು ರೇಖೆ ಸಮಾಂತರ ಅಲ್ಲದಿದ್ದರೆ ಎಲ್ಲೋ ಒಂದು ಕಡೆ ಸೇರಲೇಬೇಕು. ಈ ಕೋಣೆಯಲ್ಲಿ ನೆಲದ ಮೇಲೆ ಪೂರ್ವಕ್ಕೆ ಹೋಗುವ ಅಂಚನ್ನೂ, ಸೂರಿನಲ್ಲಿ ಉತ್ತರಕ್ಕೆ ಹೋಗುವ ಅಂಚನ್ನೂ ನೋಡಿ. ಎಷ್ಟು ಎಳೆದರೂ ಸೇರುವುದಿಲ್ಲ, ಸಮಾಂತರವೂ ಅಲ್ಲ. ಇವನ್ನು ಸ್ಕ್ಯೂ ರೇಖೆಗಳು ಅನ್ನುತ್ತಾರೆ. ರೈಲು ಹಳಿಯ ಮೇಲೆ ಮೇಲ್ಸೇತುವೆ ಹಾದುಹೋಗುವುದು ಇದರಿಂದಲೇ ಸಾಧ್ಯ. ಅವುಗಳ ನಡುವಿನ ಅತಿ ಕಡಿಮೆ ದೂರ ಅನ್ನುವ ಲೆಕ್ಕ ಪಿಯುಸಿಯಲ್ಲಿ ಬರುತ್ತದೆ. ರಸ್ತೆಗೆ ಅಡ್ಡವಾಗಿ ವಿದ್ಯುತ್ ತಂತಿ ಹೋಗಿದೆ, ಕೆಳಗೆ ಹುಲ್ಲಿನ ಹೊರೆ ತುಂಬಿದ ಲಾರಿ ಬರುತ್ತಿದೆ. ಹೊರೆಯ ತುದಿಗೂ ತಂತಿಗೂ ನಡುವೆ ಎಷ್ಟು ಉಳಿಯುತ್ತದೆ? ಆ ಲೆಕ್ಕ ಇರುವುದು ಇಂಥ ಪ್ರಶ್ನೆಗೆ.

ಕೊನೆಗೆ ಗೋಳ. ಒಂದು ಬಿಂದುವಿನಿಂದ ಒಂದೇ ದೂರದಲ್ಲಿರುವ ಎಲ್ಲ ಬಿಂದುಗಳು. ಸಮೀಕರಣ ಎಲ್ಲಿಂದ ಬರುತ್ತದೆ? ದೂರದ ಸೂತ್ರವನ್ನೇ ವರ್ಗ ಮಾಡಿ ಬರೆದದ್ದು. ನಿಮ್ಮ ಜೇಬಿನಲ್ಲಿರುವ ಫೋನ್ ಇದನ್ನೇ ಬಿಡಿಸುತ್ತದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ತಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಅಂತ ಪ್ರತಿ ಉಪಗ್ರಹವೂ ರೇಡಿಯೊದಲ್ಲಿ ಹೇಳುತ್ತಲೇ ಇರುತ್ತದೆ. ಸಂಕೇತ ಬರಲು ಹಿಡಿದ ಸಮಯದಿಂದ ದೂರ ಸಿಗುತ್ತದೆ. ದೂರ ಸಿಕ್ಕಿದರೆ ನೀವು ಆ ಉಪಗ್ರಹದ ಸುತ್ತಲಿನ ಒಂದು ಗೋಳದ ಮೇಲೆ ಎಲ್ಲೋ ಇದ್ದೀರಿ. ಎರಡನೇ ಉಪಗ್ರಹ ಇನ್ನೊಂದು ಗೋಳ ಕೊಡುತ್ತದೆ. ಎರಡೂ ಒಂದನ್ನೊಂದು ಕತ್ತರಿಸಿದರೆ ವೃತ್ತ. ಒಂದು ಸಮೀಕರಣದಿಂದ ಇನ್ನೊಂದನ್ನು ಕಳೆದು ನೋಡಿ, ವರ್ಗದ ಪದಗಳೆಲ್ಲ ಹೊಡೆದುಹೋಗಿ ಒಂದು ಸಮತಲ ಉಳಿಯುತ್ತದೆ. ಆ ವೃತ್ತ ಆ ಸಮತಲದಲ್ಲೇ ಇದೆ. ಮೂರನೇ ಗೋಳ ವೃತ್ತವನ್ನು ಎರಡು ಬಿಂದುಗಳಿಗೆ ಇಳಿಸುತ್ತದೆ. ಒಂದು ಬಿಂದು ಭೂಮಿಯ ಮೇಲೆ, ಇನ್ನೊಂದು ಎಲ್ಲೋ ಬಾಹ್ಯಾಕಾಶದಲ್ಲಿ.

ಹಾಗಾದರೆ ಮೂರು ಉಪಗ್ರಹ ಸಾಕಲ್ವಾ? ಸಾಲದು. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ, ನಿಮ್ಮ ಫೋನಿನಲ್ಲಿ ಇಲ್ಲ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಆದ್ದರಿಂದ ಎಕ್ಸ್, ವೈ, ಝೆಡ್ ಜೊತೆಗೆ ಗಡಿಯಾರದ ತಪ್ಪೂ ಒಂದು ಅಜ್ಞಾತ. ನಾಲ್ಕು ಅಜ್ಞಾತ, ನಾಲ್ಕು ಸಮೀಕರಣ, ನಾಲ್ಕು ಉಪಗ್ರಹ.

ಫೋನ್ ಲೆಕ್ಕ ಹಾಕುವ ಆ ಎಕ್ಸ್, ವೈ, ಝೆಡ್ ಯಾವ ಕೋಣೆಯದು? ಮೂಲಬಿಂದು ಭೂಮಿಯ ಕೇಂದ್ರ. ಝೆಡ್ ಉತ್ತರ ಧ್ರುವದ ಕಡೆಗೆ. ಎಕ್ಸ್, ಗ್ರೀನಿಚ್ ರೇಖೆಯೂ ಸಮಭಾಜಕವೂ ಸೇರುವ ಕಡೆಗೆ, ಅದು ಆಫ್ರಿಕಾದ ಪಶ್ಚಿಮದ ಸಮುದ್ರದಲ್ಲಿದೆ. ವೈ, ಸಮಭಾಜಕದ ಮೇಲೆ 90 ಡಿಗ್ರಿ ಪೂರ್ವಕ್ಕೆ, ಅಂದರೆ ಹಿಂದೂ ಮಹಾಸಾಗರಕ್ಕೆ. ಭೂಮಿ 6371 ಕಿ.ಮೀ. ತ್ರಿಜ್ಯದ ಗೋಳ ಅಂತ ಇಟ್ಟುಕೊಂಡು ನಾವೇ ಮಾಡೋಣ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ತ್ರಿಜ್ಯವನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿದರೆ ಝೆಡ್. ಕೊಸೈನ್‌ನಿಂದ ಗುಣಿಸಿದರೆ ಭೂಮಿಯ ಅಕ್ಷದಿಂದ ನಾವು ಎಷ್ಟು ದೂರ ಅಂತ ಸಿಗುತ್ತದೆ. ಅದನ್ನು ರೇಖಾಂಶದ ಕೊಸೈನ್, ಸೈನ್‌ಗಳಿಂದ ಗುಣಿಸಿದರೆ ಎಕ್ಸ್ ಮತ್ತು ವೈ. ಬೆಂಗಳೂರು (1334, 6063, 1430). ವೈ ಯಾಕೆ ಇಷ್ಟು ದೊಡ್ಡದು ಅಂತ ಕಂಡಿತಾ? 77.59 ಅನ್ನುವುದು 90ಕ್ಕೆ ಹತ್ತಿರ.

ದೆಹಲಿ 28.61, 77.21. ಹಾಗೇ ಮಾಡಿದರೆ (1238, 5454, 3051). ವ್ಯತ್ಯಾಸಗಳು 96, 609, 1621. ವರ್ಗ ಮಾಡಿ, ಕೂಡಿ, ಮೂಲ ತೆಗೆಯಿರಿ. 1734 ಕಿ.ಮೀ. ಆದರೆ ನಕ್ಷೆಯಲ್ಲಿ ನೆಲದ ಮೇಲೆ ಅಳೆದರೆ ಸುಮಾರು 1739 ಬರುತ್ತದೆ. ಐದು ಕಿಲೋಮೀಟರ್ ಎಲ್ಲಿ ಹೋಯಿತು? ಇರುವೆ ಮತ್ತು ನೊಣದ ಕಥೆಯೇ. ನಮ್ಮ ಸೂತ್ರ ನೆಲದ ಬಾಗು ನೋಡಲಿಲ್ಲ, ಮಣ್ಣು ಬಂಡೆ ಸೀಳಿಕೊಂಡು ನೇರ ಹೋಯಿತು.

ಹಾಗಾದರೆ ಆ ಸುರಂಗ ಎಷ್ಟು ಆಳ? ಮಧ್ಯಬಿಂದು ತೆಗೆಯಿರಿ: (1286, 5758.5, 2240.5). ಮೂಲಬಿಂದುವಿನಿಂದ ಅದರ ದೂರ ಸುಮಾರು 6311. ತ್ರಿಜ್ಯ 6371. ಅಂದರೆ ನಡುದಾರಿಯಲ್ಲಿ ನಮ್ಮ ನೇರ ಗೆರೆ ನೆಲದಿಂದ ಸುಮಾರು 60 ಕಿಲೋಮೀಟರ್ ಕೆಳಗೆ ಇದೆ. ಐದು ಕಿಲೋಮೀಟರ್ ಉಳಿಸಲು ಅಷ್ಟು ಆಳ ಇಳಿದಿದೆ. ಆ ಬಿಂದುವಿನ ನೆತ್ತಿಯ ಮೇಲೆ ಯಾವ ಊರಿದೆ ಅಂತ ಬೇಕೇ? ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಆ ಮೂರು ಸಂಖ್ಯೆಗಳಿಂದ ಕೋನಗಳನ್ನು ತೆಗೆಯಿರಿ. ಅಕ್ಷಾಂಶ 20.8, ರೇಖಾಂಶ 77.4. ಮಹಾರಾಷ್ಟ್ರದ ಅಕೋಲಾಕ್ಕೂ ಅಮರಾವತಿಗೂ ನಡುವೆ, ವಿದರ್ಭದ ಹತ್ತಿ ಬೆಳೆಯುವ ಸೀಮೆ.